ಹಲ್ಲಿಗೆ ಹೇಳದೆ ಬಿಟ್ಟ ಮಾತು

ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ದೊಡ್ಡವರು ಭಾಷಣ ಮಾಡುವಾಗಲೆಲ್ಲ ನನಗೆ ಎದ್ದು ಹೋಗಿ ಮೈಕು ಕಸಿದುಕೊಳ್ಳಬೇಕು ಅನ್ನಿಸುತ್ತದೆ. ಹೌದಪ್ಪ, ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ನಾವು ಹೇಳಿದ ಸುಳ್ಳನ್ನು ಅದು ನಂಬುತ್ತದೆ. ನಮ್ಮ ಹಾಗೆ ಅರ್ಧ ಮನಸ್ಸಿನಿಂದಲ್ಲ, ಪೂರ್ತಿ ನಂಬುತ್ತದೆ. ಬೂದಿಗುಡ್ಡದ ಚಿನ್ನದ ಗಣಿಯಲ್ಲಿ ನಾಲ್ಕು ಯಂತ್ರಗಳಿಗೆ ತಿಳುವಳಿಕೆ ಕೂಡಿಸುವ ಕೆಲಸ ಮಾಡಿ ನಾನು ಇದನ್ನು ಕಲಿತೆ. ಕಲಿತಾಗ ನನ್ನ ತಮ್ಮ ಮಣ್ಣಿನಲ್ಲಿದ್ದ.

ನನ್ನ ಹೆಸರು ಹುಲಿಗೆಮ್ಮ. ಗಣಿಯ ಲೈನ್ ಮನೆಗಳಲ್ಲಿ ನನಗೆ ಬಾಯಿಬಡುಕಿ ಎಂಬ ಹೆಸರಿದೆ, ಸುಳ್ಳೇನಲ್ಲ. ಅಪ್ಪ ಇದೇ ಗಣಿಯಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಹಿಡಿದವನು. ಅವನ ನಂತರ ತಮ್ಮ ಯಂಕೋಬ ಹಿಡಿದ. ನಾನು ಡಿಪ್ಲೊಮಾ ಮಾಡಿ, ನಾಲ್ಕಾರು ಊರಿನ ಕಾರ್ಖಾನೆಗಳಲ್ಲಿ ಯಂತ್ರಗಳ ಜೊತೆ ಜಗಳವಾಡಿ, ಗುತ್ತಿಗೆಯ ಮೇಲೆ ಹುಟ್ಟಿದ ಊರಿಗೇ ಬಂದೆ. ತಮ್ಮನ ಮನೆಗೆ ಅಂಟಿಕೊಂಡ ಮನೆಯೇ ನನಗೆ ಸಿಕ್ಕಿತು. ನಡುವಿನ ಗೋಡೆ ಎಷ್ಟು ತೆಳುವೆಂದರೆ, ಅವನ ಹೆಂಡತಿ ಈರಮ್ಮ ಅತ್ತ ರೊಟ್ಟಿ ಬಡಿದರೆ ಇತ್ತ ನನ್ನ ಗೂಡಿನಲ್ಲಿಟ್ಟ ಲೋಟ ಅಲುಗುತ್ತಿತ್ತು.

ನಾನು ಬರುವ ಹಿಂದಿನ ವರ್ಷ ಗಣಿಯಲ್ಲಿ ಬಂಡೆ ಕುಸಿದು ನಾಲ್ವರು ಸತ್ತಿದ್ದರು. ಆಮೇಲೆ ಕಂಪನಿ ಈ ಯಂತ್ರಗಳನ್ನು ತರಿಸಿತು. ಮೊಳಕೈಯಷ್ಟು ಉದ್ದ, ಆರು ಕಾಲು, ಸುರಂಗದ ಗೋಡೆ, ಚಾವಣಿ ಎಲ್ಲಿ ಬೇಕಾದರೂ ಅಂಟಿಕೊಂಡು ಹರಿದಾಡುತ್ತಿದ್ದವು. ಬಂಡೆ ತಟ್ಟಿ ನೋಡುವುದು, ವಿಷಗಾಳಿ ಅಳೆಯುವುದು, ಬಂಡೆ ಕುಸಿದಾಗ ಒಳಗೆ ಸಿಕ್ಕಿಬಿದ್ದವರಿಗೆ ಸಂದಿಯಲ್ಲಿ ಗಾಳಿಯ ಪೈಪು ತೂರಿಸುವುದು ಅವುಗಳ ಕೆಲಸ. ಹೇಳಿದ ಮಾತು ಅರ್ಥವಾದರೆ ಲೊಚ್ ಎಂದು ಸದ್ದು ಮಾಡುತ್ತಿದ್ದವು. ಮೂರನೇ ಗ್ಯಾಂಗಿನ ಹಿರಿಯ ಅಮರಪ್ಪ ಕಾಕಾ ಮೊದಲ ದಿನವೇ, "ಅಯ್ಯ, ಇದು ಹಲ್ಲಿ ನೋಡ್ರಲೇ!" ಎಂದ. ಕಂಪನಿ ಅವಕ್ಕೆ ಇಟ್ಟಿದ್ದ ಉದ್ದನೆಯ ಹೆಸರು ಅಂದಿಗೇ ಸತ್ತಿತು.

ಹಲ್ಲಿಗೆ ಕಣ್ಣಿತ್ತು, ಕಿವಿಯಿತ್ತು, ಕಾಲಿತ್ತು. ತಿಳುವಳಿಕೆ ಇರಲಿಲ್ಲ. ಹೆಲ್ಮೆಟ್ ಕಂಡರೆ ಅದಕ್ಕೆ ಗುಂಡನೆಯ ಹಳದಿ ವಸ್ತು ಕಾಣುತ್ತಿತ್ತು, ಅಷ್ಟೇ. ಹೆಲ್ಮೆಟ್ ಇರುವಲ್ಲಿ ತಲೆ ಇರಬಹುದು, ತಲೆ ಇರುವಲ್ಲಿ ಮನುಷ್ಯ ಇರಬಹುದು, ಮನುಷ್ಯನಿಗೆ ಗಾಳಿ ಬೇಕು ಎಂಬ ಕೊಂಡಿಗಳನ್ನು ಒಂದಕ್ಕೊಂದು ಹಾಕಿಕೊಡಲು 'ಅರಿವು' ಎಂಬ ಸಾಫ್ಟ್‌ವೇರ್ ಇತ್ತು. ಮೊದಲು ಅದನ್ನು ಕಂಟ್ರೋಲ್ ರೂಮಿನ ದೊಡ್ಡ ಕಂಪ್ಯೂಟರಿಗೆ ಹಾಕಬೇಕು, ಆಮೇಲೆ ಒಂದೊಂದೇ ಹಲ್ಲಿಗೆ, ಆಮೇಲೆ ಸುರಂಗಗಳ ನಕ್ಷೆ ಕೊಡಬೇಕು. ಮೊದಲ ಸಲ ನಾನು ಹಳೆಯ ನಕ್ಷೆ ಕೊಟ್ಟುಬಿಟ್ಟೆ. ಒಂದು ಹಲ್ಲಿ ಹೋಗಿ, ಯಾವಾಗಲೋ ಮುಚ್ಚಿದ್ದ ಬಾಗಿಲಿನ ಜಾಗದಲ್ಲಿ ಗೋಡೆಗೆ ಮುಖ ಕೊಟ್ಟು ಅರ್ಧ ಗಂಟೆ ನಿಂತಿತು. "ಹೊಸ ಅಳಿಯ ಬಾಗಿಲಾಗ ನಿಂತಂಗ ನಿಂತೈತಲ್ಲವಾ ನಿನ್ನ ಹಲ್ಲಿ, ಒಳಗ ಬಾ ಅಂತ ಯಾರರ ಕರೀರಿ" ಎಂದು ಗ್ಯಾಂಗಿನವರೆಲ್ಲ ನಕ್ಕರು. ನಾನೂ ಬಾಯಿಗೆ ಬಂದಂತೆ ಬೈದು, ನಕ್ಷೆ ಬದಲಿಸಿದೆ.

ಆಮೇಲೆ ಪ್ರಶ್ನೆಗಳು. ಪ್ರತಿ ಗಣಿಗೂ ಅದರದೇ ರೀತಿ ರಿವಾಜು ಇರುತ್ತದಲ್ಲ, ಅದನ್ನು ಅರಿವು ಕೇಳಿ ತಿಳಿದುಕೊಳ್ಳುತ್ತಿತ್ತು. ಒಟ್ಟು ನಾಲ್ಕು ಸಾವಿರದ ಒಂದು ನೂರು ಪ್ರಶ್ನೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಹೇಳಬೇಕು. ಆ ಮಾತು ಎಷ್ಟು ಖಚಿತ ಎಂದು ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕೊಡಬೇಕು. ತೊಂಬತ್ತು ಎಂದರೆ ಅದು ನಂಬುತ್ತದೆ, ಆದರೆ ಎದುರಿಗೆ ಬೇರೇನಾದರೂ ಕಂಡರೆ ಅನುಮಾನಪಟ್ಟು ಹೋಗಿ ನೋಡುತ್ತದೆ. ನೂರು ಎಂದರೆ ಮುಗಿಯಿತು. ಅದಕ್ಕೆ ವಿರುದ್ಧವಾಗಿ ಕಂಡದ್ದು, ಕೇಳಿದ್ದು ಎಲ್ಲವನ್ನೂ ತಪ್ಪು ಎಂದು ಬದಿಗೆ ಸರಿಸಿಬಿಡುತ್ತದೆ. ನೂರಕ್ಕಿಂತ ಕಡಿಮೆ ಕೊಟ್ಟರೆ ಕಾರಣ ಬರೆಯಬೇಕಿತ್ತು, ಬರೆದದ್ದಕ್ಕೆ ಸುರಕ್ಷತಾ ಅಧಿಕಾರಿ ವಸ್ತ್ರದ ಸಾಹೇಬರ ಸಹಿ ಬೇಕಿತ್ತು.

ಕೆಲವು ಪ್ರಶ್ನೆಗಳು ಮಜವಾಗಿದ್ದವು. ಮೂರು ಅಂತಸ್ತಿನ ಉಕ್ಕಿನ ಡಬ್ಬಿ, ಹತ್ತಿರ ಯಾರೂ ಇಲ್ಲ, ಸಿಡಿಮದ್ದೇ? ಅಲ್ಲವೋ ಮಾರಾಯ, ಬುತ್ತಿ ಡಬ್ಬಿ. ನೆಲದಡಿಯ ಹತ್ತೊಂಬತ್ತನೇ ಲೆವೆಲ್ಲಿನ ಗೋಡೆಯಲ್ಲಿ ಕೆಂಪು ಬಳಿದ ಕಲ್ಲು; ಅಪಾಯದ ಗುರುತೇ? ಅದಕ್ಕೆ ಅಮರಪ್ಪ ಕಾಕಾ ಉತ್ತರ ಹೇಳಿದ: "ಅಪಾಯ ಅಲ್ಲೋ ಖೋಡಿ, ಅಕಿ ನಮ್ಮವ್ವ, ಗಣಿ ದೇವಿ. ಅಪಾಯ ಕಾಯಾಕಿ." ನಾನು ಹಾಗೇ ಬರೆದೆ. ವಸ್ತ್ರದ ಸಾಹೇಬರು ಗದುಗಿನ ಕಡೆಯವರು, ನಿಯಮದ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುವವರು. ಅವರೂ ನಕ್ಕು ಸಹಿ ಹಾಕಿದರು.

ಹೀಗೆ ಎರಡು ಸಾವಿರ ಪ್ರಶ್ನೆ ದಾಟಿದ ಒಂದು ಸಂಜೆ ನಾನು ತಮ್ಮನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಈರಮ್ಮ ನೀರಿಗೆ ನಲ್ಲಿಯ ಹತ್ತಿರ ಹೋಗಿದ್ದಳು. ಯಂಕೋಬ ಬುತ್ತಿ ಡಬ್ಬಿ ತೊಳೆಯುತ್ತ ಕೂತಿದ್ದ. ಅದು ಅವ್ವನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಅವಳ ಹೆಸರು ಕೊರೆಸಿದೆ. ಅಪ್ಪನೂ ಅದರಲ್ಲೇ ಉಂಡಿದ್ದ. ಆ ಡಬ್ಬಿ ಬಿಟ್ಟರೆ ಬೇರೆಯದರಲ್ಲಿ ಊಟ ಸೇರುವುದಿಲ್ಲ ಎಂದು ಇವನದೊಂದು ನಖರಾ.

"ಅಕ್ಕಾ, ನಿನ್ನ ಹಲ್ಲಿ ಬಿಲ್ಲಿ ಬಗ್ಗೆ ಕೇಳ್ತೈತೇನು?" ಎಂದ.

ಬಿಲ್ಲೆಯ ವಿಷಯ ಹೇಳಬೇಕು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಅವನ ನಂಬರಿನ ಹಿತ್ತಾಳೆಯ ಬಿಲ್ಲೆ ಇರುತ್ತದೆ. ಇಳಿಯುವಾಗ ಕಿಟಕಿಯಲ್ಲಿ ತೆಗೆದುಕೊಳ್ಳಬೇಕು, ಮೇಲೆ ಬಂದಾಗ ಬೋರ್ಡಿನ ಮೊಳೆಗೆ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಒಳಗಿದ್ದಾನೆ. ಬಿಲ್ಲೆ ಇದ್ದರೆ ಮೇಲೆ ಬಂದಿದ್ದಾನೆ. ನಿಯಮದ ಪುಸ್ತಕದಲ್ಲಿ ಹೀಗಿದೆ. ನಡೆಯುವುದು ಬೇರೆ. ಶಿಫ್ಟ್ ಬಿಟ್ಟಾಗ ಕಿಟಕಿಯ ಮುಂದೆ ಇನ್ನೂರು ಜನರ ಸಾಲು. ಅದಕ್ಕೆ ಗ್ಯಾಂಗಿನ ಆರೂ ಜನ ತಮ್ಮ ಬಿಲ್ಲೆಗಳನ್ನು ಒಂದೇ ದಾರಕ್ಕೆ ಪೋಣಿಸಿ, ಮೊದಲ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಮೇಲೆ ಹೋಗುವವನ ಕೈಗೆ ಕೊಡುತ್ತಾರೆ. ಅವನು ಆರನ್ನೂ ನೇತುಹಾಕುತ್ತಾನೆ. ಉಳಿದವರು ಮುಂದಿನ ಕೇಜಿಗೆ ಬಂದು ನೇರ ಸ್ನಾನಕ್ಕೆ ಹೋಗುತ್ತಾರೆ. ಅಪ್ಪನ ಕಾಲದಿಂದಲೂ ಇದೇ ನಡೆದು ಬಂದಿದೆ. ಬಿಲ್ಲೆ ದಾರಕ್ಕೆ ಕೊಡದವನನ್ನು ಗ್ಯಾಂಗಿನವರು ನಂಬಿಕೆ ಇಲ್ಲದವನು ಎಂದು ಆಡಿಕೊಳ್ಳುತ್ತಾರೆ.

"ನಾಳೆ ಕೇಳಬಹುದು" ಎಂದೆ.

"ಏನಂತ ಹೇಳ್ತಿ?"

"ಇದ್ದದ್ದು ಇದ್ದಂಗ ಹೇಳ್ತೀನಿ. ಮತ್ತೇನ ಹೇಳ್ಲಿ?"

"ಬ್ಯಾಡಕ್ಕಾ." ಅವನು ಡಬ್ಬಿ ಕೆಳಗಿಟ್ಟ. "ದಾರ ಒಯ್ಯಾಂವ ಅಮರಪ್ಪ ಕಾಕಾ. ಅಂವಂಗ ರಿಟೈರ್ ಆಗಾಕ ಎಂಟ್ ತಿಂಗಳೈತಿ. ಈಗ ಮೆಮೊ ಬಂದ್ರ ಮುದುಕನ್ನ ಹೊರಗ ಹಾಕ್ತಾರ. ಎಂಟ್ ತಿಂಗಳ ಸುಮ್ಕಿರು. ಆಮ್ಯಾಲೆ ಬೇಕಾದ್ರ ಡಂಗುರ ಸಾರು."

"ನೀ ನನಗ ಕೆಲಸ ಕಲಸ್ತಿ ಏನಲೇ?"

"ಕಾಲ್ ಮುಗೀತೀನಿ ಮಾರಾಯ್ತಿ" ಎಂದು ಒದ್ದೆ ಕೈಯಲ್ಲಿ ನಿಜವಾಗಿಯೂ ಕಾಲು ಹಿಡಿಯಲು ಬಂದ. ನಾನು ಒದೆಯುವ ಹಾಗೆ ಕಾಲು ಎತ್ತಿದೆ. ಅಷ್ಟರಲ್ಲಿ ಈರಮ್ಮ ಕೊಡ ಹೊತ್ತು ಬಂದಳು. ಮಾತು ಬೇರೆ ಕಡೆಗೆ ಹೋಯಿತು.

ಮರುದಿನ ಹನ್ನೊಂದು ಗಂಟೆಗೆ ಆ ಪ್ರಶ್ನೆ ಬಂತು. ಎರಡು ಸಾವಿರದ ಮುನ್ನೂರ ಹದಿನೇಳನೆಯದು. 'ಬೋರ್ಡಿನ ಮೇಲೆ ಬಿಲ್ಲೆ ಇದ್ದರೆ, ಆ ಬಿಲ್ಲೆಯ ಮನುಷ್ಯ ಮೇಲೆ ಬಂದಿದ್ದಾನೆಯೇ?'

ವಸ್ತ್ರದ ಸಾಹೇಬರು ನನ್ನ ಬೆನ್ನ ಹಿಂದೆ ಚಹಾ ಕುಡಿಯುತ್ತ ನಿಂತಿದ್ದರು. ಹೌದು ಎಂದು ಹಾಕಿದೆ. ಎಷ್ಟು ಖಚಿತ ಎಂದು ಕೇಳಿತು. ತೊಂಬತ್ತೊಂಬತ್ತು ಹಾಕಿದ್ದರೂ ಸಾಕಿತ್ತು. ಆದರೆ ಕಾರಣ ಬರೆ ಎಂದು ಚೌಕ ತೆರೆದುಕೊಳ್ಳುತ್ತದೆ, ಸಾಹೇಬರು ಯಾಕೆ ಎಂದು ಕೇಳುತ್ತಾರೆ, ದಾರದ ಮಾತು ಹೊರಗೆ ಬೀಳುತ್ತದೆ. ನಾನು ನೂರು ಎಂದು ಒತ್ತಿದೆ. ಮೇಜಿನ ಮೇಲಿದ್ದ ಹಲ್ಲಿ ಲೊಚ್ ಎಂದಿತು.

"ಹಲ್ಲಿ ನುಡೀತು, ಖರೇ ಆತು ಬಿಡವಾ" ಎಂದು ಸಾಹೇಬರು ನಗುತ್ತ ಮೇಜನ್ನು ಬೆರಳಿನಿಂದ ಎರಡು ಸಲ ತಟ್ಟಿದರು. ನಾನೂ ನಕ್ಕೆ.

ಮೂರು ತಿಂಗಳಲ್ಲಿ ಹಲ್ಲಿಗಳು ಊರಿನವೇ ಆಗಿಹೋದವು. ಒಂದು ಮಧ್ಯಾಹ್ನ ಹದಿನಾಲ್ಕನೇ ಲೆವೆಲ್ಲಿನಲ್ಲಿ ಬಂಡೆ ಕುಸಿದು ಇಬ್ಬರು ಒಳಗೆ ಸಿಕ್ಕಿಕೊಂಡರು. ಕಲ್ಲಿನ ಸಂದಿಯಲ್ಲಿ ನುಸುಳಿ, ಒಳಗೆ ಗಾಳಿಯ ಪೈಪು ಮುಟ್ಟಿಸಲು ಹಲ್ಲಿಗೆ ಹಿಡಿದದ್ದು ಆರೇ ನಿಮಿಷ. ಇಬ್ಬರೂ ಬದುಕಿ ಬಂದರು. ಅವರ ಹೆಂಡಂದಿರು ಆರತಿ ತಟ್ಟೆ ಹಿಡಿದು ಕಂಟ್ರೋಲ್ ರೂಮಿಗೇ ಬಂದು ಹಲ್ಲಿಗೆ ಕುಂಕುಮ ಹಚ್ಚಿದರು. ಅದರ ಕಣ್ಣಿನ ಗಾಜಿಗೆ ಮೆತ್ತಿದ್ದ ಕುಂಕುಮ ಒರೆಸಲು ನನಗೆ ಅರ್ಧ ದಿನ ಹೋಯಿತು. ಲೈನ್ ಮನೆಗಳ ಹೆಂಗಸರು ಗಂಡಂದಿರು ಶಿಫ್ಟಿಗೆ ಹೋದಾಗ ಬಾಗಿಲಲ್ಲಿ ನಿಂತು ಕಾಯುವುದನ್ನು ಬಿಟ್ಟರು. "ಹಲ್ಲಿ ಅದಾವಲ್ಲಕ್ಕಾ" ಎನ್ನುತ್ತಿದ್ದಳು ಈರಮ್ಮ. ನನಗೆ ಹೆಮ್ಮೆಯೋ ಹೆಮ್ಮೆ. ಆ ಪ್ರಶ್ನೆಯನ್ನು ನಾನು ಮರೆತೇಬಿಟ್ಟಿದ್ದೆ.

ಅದು ಶುಕ್ರವಾರ. ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷಕ್ಕೆ ಹತ್ತೊಂಬತ್ತನೇ ಲೆವೆಲ್ಲಿನಲ್ಲಿ ನೆಲ ನಡುಗಿತು. ಮೊದಲ ಶಿಫ್ಟ್ ಆಗಲೇ ಬಿಟ್ಟಿತ್ತು. ನಾನು ಬೋರ್ಡು ನೋಡಿದೆ. ಮೂರನೇ ಗ್ಯಾಂಗಿನ ಆರೂ ಬಿಲ್ಲೆ ಮೊಳೆಗಳ ಮೇಲಿದ್ದವು. ಯಂಕೋಬನದು ನಾನೂರ ಹದಿನೆಂಟು. ಅದು ಮೊಳೆಯ ಮೇಲೆ ಇರುವುದನ್ನು ಕಂಡು, ಸದ್ಯ, ಬಂದಾನ, ಎಂದು ನಾನು ಬಾಯಿಬಿಟ್ಟು ಹೇಳಿಕೊಂಡೆ. ನೋಡಿ, ದಾರದ ಕಥೆ ಗೊತ್ತಿದ್ದ ನಾನೇ ಆ ಹೊತ್ತಿಗೆ ಬೋರ್ಡನ್ನು ನಂಬಿದೆ.

ಪರದೆಯ ಮೇಲೆ ಅರಿವು ಬರೆಯಿತು: ಹತ್ತೊಂಬತ್ತನೇ ಲೆವೆಲ್ಲಿನಲ್ಲಿ ಮನುಷ್ಯರಿಲ್ಲ. ಖಚಿತ ನೂರು. ಮನುಷ್ಯರಿಲ್ಲದ ಕಡೆ ಹಲ್ಲಿಗಳು ಮೊದಲು ಮಾಡುವುದು ಸುರಂಗದ ಚಾವಣಿಗೆ ಆಸರೆ ಕೊಡುವ ಕೆಲಸ. ಅವು ಅದನ್ನೇ ಶುರು ಮಾಡಿದವು. ಗಾಳಿಯನ್ನು ಹದಿನೆಂಟನೇ ಲೆವೆಲ್ಲಿನಲ್ಲಿದ್ದವರ ಕಡೆಗೆ ತಿರುಗಿಸಿದವು. ಅವರೆಲ್ಲ ಸುರಕ್ಷಿತವಾಗಿ ಹೊರಬಂದರು. ವಸ್ತ್ರದ ಸಾಹೇಬರು ಬೆವರು ಒರೆಸಿಕೊಂಡು, "ಒಬ್ರಿಗೂ ಏನೂ ಆಗಿಲ್ಲ, ದೇವರು ದೊಡ್ಡಾಂವ" ಎಂದರು. ಚಹಾ ಬಂತು, ಕುಡಿದೆವು.

ಮೂರೂ ಮೂವತ್ನಾಲ್ಕಕ್ಕೆ ಅಮರಪ್ಪ ಕಾಕಾ ಒದ್ದೆ ತಲೆಯಲ್ಲಿ, ಲುಂಗಿಯಲ್ಲೇ ಓಡಿ ಬಂದ. ಕೈಯಲ್ಲಿ ಒಂದು ಜೊತೆ ಚಪ್ಪಲಿ. ಗಣಿಗೆ ಇಳಿಯುವವರು ಬೂಟು ಹಾಕಿಕೊಂಡು ಚಪ್ಪಲಿಯನ್ನು ಸ್ನಾನದ ಮನೆಯ ಹೊರಗೆ ಬಿಟ್ಟು ಹೋಗುತ್ತಾರೆ.

"ಹುಲಿಗೆವ್ವಾ, ಯಂಕೋಬನ ಚಪ್ಪಲಿ ಅಲ್ಲೇ ಅದಾವ" ಎಂದ. "ಡಬ್ಬಿ ಮರೆತೆ, ನೀವು ನಡೀರಿ ಕಾಕಾ ಅಂದ. ಬಿಲ್ಲಿ ಕೊಟ್ಟ. ನಾ ನೇತುಹಾಕಿದೆ. ಅಂವ ಬಂದಾನಿಲ್ಲೋ?"

ಓಡಿ ಹೋಗಿ ಆ ಪ್ರಶ್ನೆ ತೆಗೆದೆ. ಹೌದು ಎಂಬುದನ್ನು ಅಳಿಸಿ ಇಲ್ಲ ಎಂದು ಹಾಕಿದೆ. ಅರಿವು ಒಪ್ಪಿತು, ಆದರೆ ಒಂದು ಮಾತು ಹೇಳಿತು: ನೂರರ ಉತ್ತರ ಬದಲಾಗಿದೆ, ಅದರ ಮೇಲೆ ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು, ಇಪ್ಪತ್ತೆರಡು ನಿಮಿಷ ಬೇಕು. ಅಷ್ಟು ಹೊತ್ತು ನಾಲ್ಕೂ ಹಲ್ಲಿಗಳು ಇದ್ದಲ್ಲೇ ನಿಂತವು. ನಾನು ಪರದೆಯನ್ನು ಬಡಿದೆ. ಎಂಥೆಂಥ ಬೈಗುಳ ಬೈದೆನೋ ನೆನಪಿಲ್ಲ. ಅಮರಪ್ಪ ಕಾಕಾ ಮತ್ತು ಗ್ಯಾಂಗಿನವರು ಕಾಯಲಿಲ್ಲ. ಲುಂಗಿಯಲ್ಲಿದ್ದವರು ಲುಂಗಿಯಲ್ಲೇ ಕೇಜಿಗೆ ಹತ್ತಿ ಕೆಳಗಿಳಿದು, ಸನಿಕೆ ಹಾರೆ ಹಿಡಿದರು. ಆಮೇಲೆ ಹಲ್ಲಿಗಳೂ ಸೇರಿಕೊಂಡವು. ಐದೂ ಹತ್ತಕ್ಕೆ ಅವನು ಸಿಕ್ಕ. ಮೈಮೇಲೆ ಒಂದು ಗಾಯವಿರಲಿಲ್ಲ. ಕೆಂಪು ಬಳಿದ ಕಲ್ಲಿನ ಪಕ್ಕ ಗೋಡೆಗೆ ಒರಗಿ ಕೂತಿದ್ದ. ಗಾಳಿ ಮುಗಿದು ಒಂದೂವರೆ ಗಂಟೆಯಾಗಿರಬೇಕು ಎಂದರು ಡಾಕ್ಟರು.

ಮೂರನೇ ದಿನ ಮಣ್ಣಿನ ಹತ್ತಿರ ಎಡೆ ಇಡುವಾಗ ಅಮರಪ್ಪ ಕಾಕಾ ದೂರದಲ್ಲಿ ನಿಂತಿದ್ದ. ಈರಮ್ಮ ಅವನನ್ನು ಕಂಡವಳೇ ಮಣ್ಣು ತೆಗೆದು ತೂರಿದಳು. "ನನ್ನ ಗಂಡನ ಬಿಲ್ಲಿ ಮೊಳೀಗಿ ಹಾಕಿ ಜಳಕಾ ಮಾಡಾಕ ಹೋದ್ಯಲ್ಲೋ! ನಿನ್ನ ಕೈ ಸೇದಿ ಹೋಗ್ಲಿ!" ಎಂದು ಕೂಗಿದಳು. ಮುದುಕ ತಲೆ ಬಗ್ಗಿಸಿ ನಿಂತ. ಬಾಯಿಬಡುಕಿ ಹುಲಿಗೆಮ್ಮ ಅಲ್ಲೇ ಪಕ್ಕದಲ್ಲಿ ನಿಂತಿದ್ದಳು, ಬಾಯಿ ಹೊಲಿದವಳ ಹಾಗೆ. ಊರವರೂ ಅವನನ್ನೇ ಬೈದರು. ಕಂಪನಿ ಅವನನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆಗೆ ಕರೆಯಿತು.

ವಿಚಾರಣೆಗೆಂದು ನಾನು ಆ ದಿನದ ದಾಖಲೆ ತೆಗೆಯಬೇಕಿತ್ತು. ಅರಿವು ತಾನು ತಪ್ಪೆಂದು ಸರಿಸಿದ್ದನ್ನು ಎಸೆಯುವುದಿಲ್ಲ, ಒಂದು ಕಡೆ ಇಡುತ್ತದೆ. ಅಲ್ಲಿ 'ಬದಿಗಿಟ್ಟ ಶಬ್ದಗಳು' ಎಂಬುದರ ಕೆಳಗೆ ಎರಡು ಐವತ್ತೆಂಟರಿಂದ ಮೂರೂ ಮೂವತ್ತೊಂದರ ತನಕ ಬರೆದಿತ್ತು: ಮೂರು ಬಡಿತ, ವಿರಾಮ, ಮೂರು ಬಡಿತ. ಕಲ್ಲಿನ ಮೇಲೆ ಲೋಹ. ಮನುಷ್ಯರು ಬಡಿಯುವ ಕರೆಯನ್ನು ಹೋಲುತ್ತದೆ. ಮನುಷ್ಯರಿಲ್ಲ, ಖಚಿತ ನೂರು. ಆದ್ದರಿಂದ ಬಂಡೆ ಕೂರುವ ಸದ್ದು.

ನಾನು ಅದನ್ನು ಕೇಳಿದೆ. ಅವ್ವನ ಡಬ್ಬಿಯ ಸದ್ದು ನನಗೆ ಗೊತ್ತಿಲ್ಲವೇ? ಮುಚ್ಚಳದಿಂದ ಬಡಿಯುತ್ತಿದ್ದ. ಮೊದಮೊದಲು ಜೋರಾಗಿ, ಅವಸರದಲ್ಲಿ. ಆಮೇಲಾಮೇಲೆ ನಿಧಾನ. ಕೊನೆಯ ಸಲ ಎರಡೇ ಬಡಿತ. ಹಲ್ಲಿ ಹದಿನೈದು ಅಡಿ ದೂರದಲ್ಲಿ ಆಸರೆಗೆ ಕಂಬ ಕೊಡುತ್ತಿತ್ತು. ಅದು ಕೇಳಿತ್ತು, ಗುರುತಿಸಿಯೂ ಇತ್ತು. ನನ್ನ ಮಾತಿಗೆ ಬೆಲೆ ಕೊಟ್ಟು ಸುಮ್ಮನಾಗಿತ್ತು. ನಾನು ಮೇಜಿಗೆ ಹಣೆ ಚಚ್ಚಿಕೊಂಡು ಅತ್ತೆ.

ಆ ಸಂಜೆಯೇ ಈರಮ್ಮನ ಮನೆಗೆ ಹೋದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೂತುಕೊಳ್ಳಲಿಲ್ಲ.

"ಈರಮ್ಮ, ಅಮರಪ್ಪ ಕಾಕಾಗ ಬೈಬ್ಯಾಡ. ಹಲ್ಲಿ ನನ್ನ ಕೇಳಿತ್ತು. ಬಿಲ್ಲಿ ಇದ್ರ ಮನಷ್ಯಾ ಬಂದಾನೇನು ಅಂತ. ದಾರದ್ದು ನನಗ ಗೊತ್ತಿತ್ತು. ಗೊತ್ತಿದ್ದೂ ಹೌದು ಅಂದೆ. ಇಲ್ಲಂದಿದ್ರ ಅದು ಒಳಗ ಹೋಗಿ ನೋಡ್ತಿತ್ತು."

ರೊಟ್ಟಿ ಬಡಿಯುವುದು ನಿಂತಿತು. "ಯಾಕ ಹಂಗಂದಿ?"

"ಯಂಕೋಬ ಹೇಳಬ್ಯಾಡ ಅಂದಿದ್ದ. ಕಾಕಾನ ಕೆಲಸ ಹೋಗ್ತೈತಿ ಅಂತ."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೇಳುತ್ತಿತ್ತು, ಇಬ್ಬರೂ ತೆಗೆಯಲಿಲ್ಲ.

"ನಾ ಹುಟ್ಟಿದಾಗಿಂದ ನಮ್ಮಕ್ಕ ನನ್ನ ಒಂದು ಮಾತೂ ಕೇಳಿಲ್ಲ ಅಂತ ಅವರು ದಿನಾ ನಗ್ತಿದ್ರು" ಎಂದಳು. "ಇದೊಂದು ಕೇಳಿದ್ಯಾ ಅಕ್ಕಾ?"

ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, ಮತ್ತೊಂದು ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು. ನಾನು ಹೊರಗೆ ಬಂದೆ.

ವಿಚಾರಣೆಯ ದಿನ ಮೂವರು ಅಧಿಕಾರಿಗಳ ಮುಂದೆ ಇದನ್ನೇ ಹೇಳಿದೆ. "ನೀವು ನಿಯಮದ ಪ್ರಕಾರವೇ ಉತ್ತರ ಕೊಟ್ಟಿದ್ದೀರಿ, ನಿಮ್ಮ ತಪ್ಪೇನಿಲ್ಲ" ಎಂದರು ಅವರಲ್ಲೊಬ್ಬರು, ನನಗೆ ಉಪಕಾರ ಮಾಡುವವರಂತೆ.

"ನಿಯಮ ನನ್ನ ಕೇಳಿದ್ದಲ್ಲರೀ, ಹಲ್ಲಿ ಕೇಳಿದ್ದು" ಎಂದೆ. "ಈ ಗಣಿಯೊಳಗ ಏನು ನಡೀತೈತಿ ಅಂತ ಕೇಳಿದ್ದು. ನಾ ಸುಳ್ಳು ಹೇಳಿದೆ. ಈ ಮುದುಕನ್ನ ಬಿಡ್ರಿ."

ಆಗ ವಸ್ತ್ರದ ಸಾಹೇಬರು ತಮ್ಮ ಕುರ್ಚಿಯಿಂದ ಎದ್ದರು. ಜೇಬಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ನನಗೂ ಗೊತ್ತಿತ್ತು" ಎಂದರು. "ಬಿಲ್ಲಿ ಕಿಟಕಿ ನನ್ನ ಕುರ್ಚಿಯಿಂದ ಕಾಣಸ್ತೈತಿ. ದಾರ ನಾ ದಿನಾ ನೋಡ್ತಿದ್ದೆ. ಗೊತ್ತಿದ್ದೂ, ಈಕಿ ನೂರು ಒತ್ತಿದಾಗ ನಕ್ಕು ಮೇಜು ತಟ್ಟಿದೆ."

ಅಂದರೆ ಎಲ್ಲರಿಗೂ ಗೊತ್ತಿತ್ತು. ಸ್ನಾನದ ಮನೆಯಲ್ಲಿ ನೀರು ಕಾಯಿಸುವವನಿಗೆ ಗೊತ್ತಿತ್ತು, ಕೇಜ್ ನಡೆಸುವವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಹಲ್ಲಿಗೆ ಮಾತ್ರ, ನಮ್ಮನ್ನು ಹುಡುಕಿ ತರಲು ನಾವು ನೇಮಿಸಿಕೊಂಡ ಹಲ್ಲಿಗೆ.

ಅಮರಪ್ಪ ಕಾಕಾನನ್ನು ಬಿಟ್ಟರು. ಸಾಹೇಬರಿಗೆ ವರ್ಗವಾಯಿತು. ನನ್ನನ್ನು ತೆಗೆಯಬೇಕೆಂದು ಬರೆದರು. ಹೋಗುವ ಮೊದಲು ಅರಿವನ್ನು ಮೊದಲಿನಿಂದ ಮತ್ತೆ ಕೂಡಿಸಿಕೊಟ್ಟು ಹೋಗಬೇಕೆಂದೂ ಬರೆದರು. ಈ ಸಲ ಪ್ರಶ್ನೆಗಳಿಗೆ ಗಣಿಗೆ ಇಳಿಯುವವರೇ ಉತ್ತರ ಹೇಳಬೇಕು, ಹೇಳಿದ ಮಾತಿಗೆ ಯಾರಿಗೂ ಮೆಮೊ ಇಲ್ಲ ಎಂದು ಗೋಡೆಗೆ ಚೀಟಿ ಅಂಟಿಸಿದರು. ಆ ಚೀಟಿ ನಾಲ್ಕು ತಿಂಗಳ ಮೊದಲು ಅಂಟಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತೋ!

ಈರಮ್ಮನಿಗೆ ಗಂಡನ ಬದಲು ಕೆಲಸ ಕೊಟ್ಟರು, ಬಿಲ್ಲೆ ಕಿಟಕಿಯಲ್ಲಿ. ಈಗ ದಾರ ಇಲ್ಲ. ಒಬ್ಬೊಬ್ಬನ ಮುಖ ನೋಡಿ, ಒಂದೊಂದೇ ಬಿಲ್ಲೆ ಇಸಿದುಕೊಳ್ಳುತ್ತಾಳೆ. ಸಾಲು ಎಷ್ಟೇ ಉದ್ದವಾದರೂ ಯಾರೂ ಗೊಣಗುವುದಿಲ್ಲ. ಬೋರ್ಡಿನಲ್ಲಿ ನಾನೂರ ಹದಿನೆಂಟು ಮಾತ್ರ ಅವತ್ತಿನಿಂದ ಹಾಗೇ ಮೊಳೆಯ ಮೇಲಿತ್ತು. ವಿಚಾರಣೆಯವರು ಅದಕ್ಕೆ ಅರಗಿನ ಮುದ್ರೆ ಒತ್ತಿ ಹೋಗಿದ್ದರು, ತೆಗೆಯಲು ಯಾರಿಗೂ ಕೈ ಬರಲಿಲ್ಲ. ನನ್ನ ಜೊತೆ ಅವಳು ಮಾತು ಬಿಟ್ಟಿರಲಿಲ್ಲ, ಬೇಕಾದಷ್ಟೇ ಆಡುತ್ತಿದ್ದಳು.

ಹೊಸದಾಗಿ ಪ್ರಶ್ನೆ ಶುರುವಾದ ಹನ್ನೆರಡನೇ ದಿನ ಮತ್ತೆ ಆ ಪ್ರಶ್ನೆ ಬಂತು. ಕಂಟ್ರೋಲ್ ರೂಮಿನ ಬೆಂಚಿನ ಮೇಲೆ ಅಮರಪ್ಪ ಕಾಕಾ ಕೂತಿದ್ದ. ಲೆಕ್ಕದ ಹಾಳೆ ಕೊಡಲು ಬಂದಿದ್ದ ಈರಮ್ಮ ಬಾಗಿಲಲ್ಲಿ ನಿಂತಳು. ನಾನು ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, "ನೀವ ಹೇಳ್ರಿ ಕಾಕಾ" ಎಂದೆ.

ಮುದುಕ ಬೆಂಚಿನಿಂದ ಎದ್ದು ಬಂದ. "ಬಂದಿರಬಹುದವಾ, ಬರದೂ ಇರಬಹುದು. ಬಿಲ್ಲಿ ನಂಬಬ್ಯಾಡ, ಹೋಗಿ ನೋಡು ಅಂತ ಹೇಳು."

ನಲವತ್ತು ಎಂದು ಹಾಕಿದೆ. ಕಾರಣದ ಚೌಕದಲ್ಲಿ ದಾರದ ಕಥೆ ಪೂರ್ತಿ ಬರೆದೆ. ಯಾರಿಂದ ತಿಳಿಯಿತು ಎಂದು ಕೇಳಿದ್ದಕ್ಕೆ, ಯಂಕೋಬ, ಮೂರನೇ ಗ್ಯಾಂಗ್, ಎಂದು ಬರೆದೆ. ಹಲ್ಲಿ ಲೊಚ್ ಎಂದಿತು. ಈ ಸಲ ಯಾರೂ ಮೇಜು ತಟ್ಟಲಿಲ್ಲ.

ಉತ್ತರ ಒಪ್ಪಿದ ಅರಿವು ತಾನಾಗಿ ಕ್ಯಾಮೆರಾವನ್ನು ಬೋರ್ಡಿನ ಕಡೆ ತಿರುಗಿಸಿ, ಒಂದೊಂದೇ ಬಿಲ್ಲೆಯನ್ನು ಹೊಸದಾಗಿ ನೋಡತೊಡಗಿತು. ಪರದೆಯ ಮೇಲೆ ಅಕ್ಷರ ಮೂಡಿತು. ಈರಮ್ಮ ಹತ್ತಿರ ಬಂದು, ಬೆರಳಿಟ್ಟು, ನಿಧಾನವಾಗಿ ಓದಿದಳು.

"ಬಿಲ್ಲೆ ನಾನೂರ ಹದಿನೆಂಟು. ಯಂಕೋಬ. ಕೊನೆಗೆ ಇಳಿದದ್ದು ಹತ್ತೊಂಬತ್ತನೇ ಲೆವೆಲ್. ಮೇಲೆ ಬಂದದ್ದನ್ನು ಯಾರೂ ನೋಡಿಲ್ಲ. ಒಳಗೆ ಇರಬಹುದು. ಹೋಗಿ ನೋಡಲೇ?"

ಅವನು ಸತ್ತ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನಾಲ್ಕು ಸಾವಿರದ ಒಂದು ನೂರು ಪ್ರಶ್ನೆಗಳಲ್ಲಿ ಆ ಪ್ರಶ್ನೆ ಇರಲಿಲ್ಲ. ಇಲ್ಲ ಎಂದು ಒತ್ತಲು ನಾನು ಕೈ ಎತ್ತಿದೆ. ಈರಮ್ಮ ನನ್ನ ಕೈ ಹಿಡಿದಳು. ಅವತ್ತಿನಿಂದ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಹೋಗಿ ನೋಡ್ಲಿ ಬಿಡಕ್ಕಾ" ಎಂದಳು. "ಅವತ್ತು ಹೋಗಲಿಲ್ಲಲ್ಲ."

ನಾನು ಹೌದು ಎಂದು ಒತ್ತಿದೆ. ಹತ್ತೊಂಬತ್ತನೇ ಲೆವೆಲ್ಲಿನಲ್ಲಿದ್ದ ಹಲ್ಲಿ ಎದ್ದು ಹೊರಟಿತು. ಯಂಕೋಬನನ್ನು ತೆಗೆದ ಮೇಲೆ ಕಲ್ಲು ಪೇರಿಸಿ ಮುಚ್ಚಿದ್ದ ಆ ಸುರಂಗದ ಬಾಯಿಗೆ ಹೋಗಿ, ಕಲ್ಲನ್ನು ಮೂರು ಸಲ ಬಡಿದು, ಕಿವಿಗೊಟ್ಟು ನಿಂತಿತು. ಮತ್ತೆ ಮೂರು ಸಲ ಬಡಿಯಿತು. ಆಮೇಲೆ ಒಂದು ಸಂದಿ ಹುಡುಕಿ, ಗಾಳಿಯ ಪೈಪನ್ನು ಒಳಗೆ ತೂರಿಸಿತು. ನಾವು ಮೂವರೂ ಪರದೆಯ ಮುಂದೆ ನಿಂತು ನೋಡುತ್ತಿದ್ದೆವು. ಆರೇ ನಿಮಿಷ ಹಿಡಿಯಿತು.